ಹಸಿ ಬ್ರೆಡ್ಡು ಬೇಕಾಗಿದೆ

ಪದದ ಅರ್ಥವನ್ನು ಬಾಯಲ್ಲಿ ಹೇಳುವಂತಿಲ್ಲ, ಕೈಯಲ್ಲಿ ತರಬೇಕು. ಇದು ಮೇಡಂ ಅವರ ನಿಯಮ.

ಮೇಡಂ ನಿವೃತ್ತಿಗೆ ಮುಂಚೆ ಇಂಗ್ಲಿಷ್ ಪಾಠ ಹೇಳಿದವರಲ್ಲ. ರೈಲು ನಿಲ್ದಾಣದ ಪುಟ್ಟ ಗಾಜಿನ ಕೋಣೆಯಲ್ಲಿ ಕೂತು, ಯಾವ ಗಾಡಿ ಎಷ್ಟು ತಡ ಎಂದು ಮೈಕಿನಲ್ಲಿ ಸಾರುತ್ತಿದ್ದವರು. ಜೀವಮಾನವೆಲ್ಲ ಬರದೇ ಇರುವ ಗಾಡಿಗಳ ಬಗ್ಗೆ ಮರ್ಯಾದೆಯಿಂದ ಮಾತಾಡಿದ್ದರಿಂದ ಅವರಿಗೆ ತಾಳ್ಮೆ ವಿಪರೀತ. ಈಗ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಾರೆ. ಆ ಕೋಣೆಯ ಕಿಟಕಿಗಳು ಮೇಲಿನ ಬೀದಿಯ ಮಟ್ಟದಲ್ಲಿವೆ. ಪಾಠದುದ್ದಕ್ಕೂ ಚಪ್ಪಲಿ, ಬೂಟು, ಸೈಕಲ್ಲಿನ ಗಾಲಿ ಓಡಾಡುವುದು ಕಾಣುತ್ತದೆ.

"ಈ ವಾರ 'ಅಂಡರ್' ಪದಗಳು," ಎಂದರು ಮೇಡಂ. "ಅಂಡರ್ ಅಂದ್ರೆ ಕೆಳಗೆ. ನಾವೆಲ್ಲ ಈಗ ಕೂತಿದೀವಲ್ಲ, ಹಾಗೆ. ಆದ್ರೆ ಪದದ ತಲೆಗೆ ಅಂಟಿಕೊಂಡ್ರೆ ಅದಕ್ಕೆ ಬೇರೆ ಬೇರೆ ಬುದ್ಧಿ ಬರುತ್ತೆ. ಕೆಲವು ಕಡೆ ನಿಜವಾಗ್ಲೂ ಕೆಳಗೆ. ಕೆಲವು ಕಡೆ ಒಬ್ಬರ ಕೈಕೆಳಗೆ. ಇನ್ನು ಕೆಲವು ಕಡೆ, ಎಷ್ಟು ಬೇಕೋ ಅದಕ್ಕಿಂತ ಕಮ್ಮಿ. ನಿಮ್ಮ ಪದ ಯಾವ ಜಾತಿದು ಅಂತ ನೀವೇ ನೋಡ್ಕೊಳ್ಳಿ."

ಊಟದ ಡಬ್ಬಿಯೊಂದರಲ್ಲಿ ಚೀಟಿಗಳಿದ್ದವು. ಒಬ್ಬೊಬ್ಬರೂ ಒಂದು ಎತ್ತಬೇಕು. ಎತ್ತಿದವರ ಕಿವಿಯಲ್ಲಿ ಮೇಡಂ ಅರ್ಥವನ್ನು ಒಂದೇ ಸಲ ಉಸುರುತ್ತಾರೆ. ಮುಂದಿನ ವಾರ ಆ ಅರ್ಥವನ್ನು ಏನಾದರೂ ಮಾಡಿ ತಂದು ಮೇಜಿನ ಮೇಲಿಡಬೇಕು. ಉಳಿದವರು ನೋಡಿ ಊಹಿಸಬೇಕು. ಊಹಿಸಿದರೆ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು, "ಪದವು ಪ್ಲಾಟ್‌ಫಾರಂಗೆ ಬಂದಿರುತ್ತದೆ," ಎಂದು ಹಳೆಯ ದನಿಯಲ್ಲಿ ಸಾರುತ್ತಾರೆ. ಆ ದನಿ ಕೇಳಲೆಂದೇ ಅರ್ಧ ಜನ ತರಗತಿಗೆ ಬರುತ್ತಿದ್ದರು.

ಬೇಕರಿಯ ಯಜಮಾನರಿಗೆ ಬಂದದ್ದು 'ಅಂಡರ್‌ಡನ್'. ಕಿವಿಯಲ್ಲಿ ಅರ್ಥ ಬಿದ್ದದ್ದೇ ಅವರು ಕರಿ ಕನ್ನಡಕವನ್ನು ಮೇಲೆ ಸರಿಸಿ, ಮೇಡಂ ಕಿವಿಯತ್ತ ಬಗ್ಗಿ ಪಿಸುಗುಟ್ಟಿದರು.

"ಅರೆಬೆಂದದ್ದಾ? ನಾನಾ?"

"ಬಾಯಲ್ಲಿ ಹೇಳ್ಬಾರದು ಅಂದೆನಲ್ಲ!"

"ಅಲ್ಲ ಮೇಡಂ, ನಮ್ಮ ಅಂಗಡೀಲಿ ಇವತ್ತಿನವರೆಗೂ ಹಸಿ ಬ್ರೆಡ್ ಹೊರಗೆ ಹೋಗಿಲ್ಲ. ನಾನೆಲ್ಲಿಂದ ತರ್ಲಿ? ಈ ಚೀಟಿ ಬೇರೆ ಬೇಕರಿಯವರಿಗೆ ಕೊಡಿ, ಹೆಸರು ಬೇಕಾದ್ರೆ ನಾನೇ ಹೇಳ್ತೀನಿ."

ಪಕ್ಕದಲ್ಲಿ ಕೂತಿದ್ದ ಅವರ ಸೊಸೆ ಸೆರಗಿನಲ್ಲಿ ನಗು ಒರೆಸಿಕೊಂಡು ತನ್ನ ಚೀಟಿ ಎತ್ತಿದಳು. ಅವಳಿಗೆ ಬಂದದ್ದು 'ಅಂಡರ್‌ಎಸ್ಟಿಮೇಟ್'. ಮೇಡಂ ಕಿವಿಯಲ್ಲಿ ಹೇಳಿದ್ದನ್ನು ಕೇಳಿ ಅವಳ ನಗು ನಿಂತಿತು. "ಇದು ಮನೇಲೇ ಇದೆ ಮೇಡಂ," ಎಂದಳು ಮೆಲ್ಲಗೆ.

ಮೊದಲು ತರಗತಿಗೆ ಸೇರಿದ್ದು ಸೊಸೆಯೇ. ಹೊಸ ಹೋಟೆಲಿನವರು ಬ್ರೆಡ್ಡಿಗೆ ಫೋನ್ ಮಾಡಿದಾಗ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು, ಅದಕ್ಕೆ. ಮನೆಯಲ್ಲಿ ತಾನೊಬ್ಬನೇ ಕಿವುಡನಾಗಬಾರದೆಂದು ಮಾವ ಮರುದಿನವೇ ಹಿಂದೆ ಬಂದು ಸೇರಿದ್ದರು.

ಅವರ ಕರಿ ಕನ್ನಡಕಕ್ಕೆ ಕಾರಣ ಕಣ್ಣಿನ ಆಪರೇಷನ್. ಇನ್ನು ಭಟ್ಟಿಯ ಮುಂದೆ, ಆ ಬೆಂಕಿಗೆ ಮುಖ ಕೊಟ್ಟು ನಿಲ್ಲುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಹಾಗಾದರೆ ಭಟ್ಟಿ ಯಾರಿಗೆ? ಮನೆಯಲ್ಲಿ ಆ ಮಾತು ಎದ್ದಾಗ ಸೊಸೆ ಕೇಳಿಯೇಬಿಟ್ಟಿದ್ದಳು: "ನಾನು ನೋಡ್ಕೊಳ್ಳಲಾ ಮಾವ?"

"ನೋಡ್ಕೊಳ್ಳೋಕೆ ಅದೇನು ಟೀವಿನಾ ತಾಯಿ? ನಿನಗೆ ಕೌಂಟರ್ ಇದೆ, ಚೆನ್ನಾಗಿ ನಡೆಸ್ತಿದೀಯ, ಅದೇ ನಡೆಸು. ಭಟ್ಟಿ ನನ್ನ ಮಗನಿಗೆ. ವ್ಯಾನಿಗೆ ಒಬ್ಬ ಡ್ರೈವರ್ನ ಇಟ್ಕೊಂಡ್ರಾಯ್ತು. ಒಂದು ವಾರ ಮಾಡಿ ನೋಡ್ಲಿ."

ಮಗನಿಗೋ ವ್ಯಾನೆಂದರೆ ಪ್ರಾಣ. ಕಿಟಕಿಗೆ ಮೊಣಕೈ ಕೊಟ್ಟು, ಹಾಡು ಹಾಕಿಕೊಂಡು, ಅಂಗಡಿಯಿಂದ ಅಂಗಡಿಗೆ ಬ್ರೆಡ್ಡು ಹಂಚುವುದರಲ್ಲಿ ಅವನಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ಭಟ್ಟಿಯ ಜೊತೆ ಮಾತ್ರ ಅವನ ಸಂಬಂಧ ಸರಿಯಿಲ್ಲ. ಹಿಂದೆ ಅಪ್ಪ ಜ್ವರ ಬಂದು ಮಲಗಿದಾಗ ಅವನು ತೆಗೆದ ಬ್ರೆಡ್ಡು ಒಂದು ದಿನ ಅಂಟು, ಇನ್ನೊಂದು ದಿನ ಇದ್ದಲು.

ಆದ್ದರಿಂದ ಮೊದಲ ಬೆಳಗ್ಗೆಯೇ ಅವನು ಭಟ್ಟಿಗೆ ಬ್ರೆಡ್ಡು ತಳ್ಳುವ ಉದ್ದ ಹಿಡಿಯ ಹಲಗೆಯನ್ನು ಹೆಂಡತಿಯ ಕೈಗಿತ್ತು, "ಅಪ್ಪಂಗೆ ಹೇಳ್ಬೇಡ," ಎಂದು ಹಿಟ್ಟಿನ ಮೂಟೆಗಳ ಮೇಲೆ ಒರಗಿದ.

ಅವಳು ಕೌಂಟರಿನ ಹಿಂದಿನ ಕಿಂಡಿಯಿಂದ ಇಷ್ಟು ವರ್ಷ ಭಟ್ಟಿಯನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಕೇಳಿದ್ದಳು. ಮಾವ ಪ್ರತಿ ಬ್ರೆಡ್ಡನ್ನೂ ಮಗುಚಿ ಅದರ ಅಡಿಗೆ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಬೆಂದಿದ್ದರೆ ಖಾಲಿ ಡಬ್ಬಿಯ ಸದ್ದು, ಬೇಯದಿದ್ದರೆ ಒದ್ದೆ ಗೋಡೆಯ ಸದ್ದು. ಆ ಸದ್ದು ಅವಳ ಕಿವಿಯಲ್ಲಿ ಮನೆಮಾಡಿತ್ತು. ಅವಳು ತಟ್ಟಿದಳು, ಕೇಳಿದಳು, ತೆಗೆದಳು.

ಬ್ರೆಡ್ಡು ಮಾವನ ತಟ್ಟೆಗೆ ಹೋಯಿತು. ಮಾವ ತಿಂದರು, ಇನ್ನೊಂದು ತುಂಡು ಕೇಳಿದರು. "ನನ್ನ ಮಗ ಅಲ್ವಾ. ರಕ್ತದಲ್ಲಿ ಬಂದಿರುತ್ತೆ."

"ಹೂಂ ಮಾವ, ರಕ್ತದಲ್ಲೇ ಬಂದಿರೋದು," ಎಂದಳು, ಯಾರ ರಕ್ತ ಎಂದು ಹೇಳದೆ.

ಈಗ ಅವಳು ಇಕ್ಕಟ್ಟಿಗೆ ಸಿಕ್ಕಿದಳು. ತಾನೆಂದು ಹೇಳಿದರೆ ಮಾವ ಅದೇ ತುಂಡಿನಲ್ಲಿ ತಪ್ಪು ಹುಡುಕುತ್ತಾರೆ. ಹೇಳದಿದ್ದರೆ ಅವಳು ಚೆನ್ನಾಗಿ ಬೇಯಿಸಿದಷ್ಟೂ ಭಟ್ಟಿ ಗಂಡನ ಕೊರಳಿಗೆ ಬಿಗಿಯಾಗುತ್ತದೆ. ಡ್ರೈವರೊಬ್ಬ ಆಗಲೇ ಬಂದು ವ್ಯಾನಿನ ಟೈರು ಒದ್ದು ನೋಡಿ ಹೋಗಿದ್ದ, ಸೋಮವಾರದಿಂದ ಬರುವವನಿದ್ದ.

ತರಗತಿಯ ಹಿಂದಿನ ಸಂಜೆ ಮಾವ ಮಗನನ್ನು ಕರೆದರು. "ನಾಳೆ ಒಂದೇ ಒಂದು ಬ್ರೆಡ್ ಬೇಗ ತೆಗಿ. ಒಳಗೆ ಹಸಿಹಸಿ ಇರ್ಬೇಕು. ನನ್ನ ಪಾಠಕ್ಕೆ."

ಮಗ ಅದನ್ನು ಹಾಗೇ ಹೆಂಡತಿಗೆ ದಾಟಿಸಿದ. ಬೆಳಗ್ಗೆ ಅವಳು ಒಂದು ಬ್ರೆಡ್ಡನ್ನು ಅರ್ಧಕ್ಕೇ ಹೊರಗೆಳೆದು ಅಡಿಗೆ ತಟ್ಟಿದಳು. ಒದ್ದೆ ಗೋಡೆ. ಮತ್ತೆ ಒಳಗೆ ತಳ್ಳಿದಳು.

"ಯಾಕೆ ಮತ್ತೆ ಇಟ್ಟೆ? ಹಸಿನೇ ಬೇಕಂತೆ," ಎಂದ ಗಂಡ, ಮೂಟೆಯ ಮೇಲಿಂದ.

"ಇದು ತೀರಾ ಹಸಿ ಕಣ್ರೀ."

"ತೀರಾ ಹಸಿ, ಸ್ವಲ್ಪ ಹಸಿ ಅಂತ ಎಲ್ಲಾ ಇದೆಯಾ?"

ಇನ್ನೊಮ್ಮೆ ಎಳೆದಳು, ತಟ್ಟಿದಳು, ಮುಖ ಸಿಂಡರಿಸಿದಳು, ತಳ್ಳಿದಳು.

"ಏನೇ ಇದು? ಇಳಿಸೇ!"

"ನಮ್ಮ ಭಟ್ಟಿಯಿಂದ ಹೀಗೆ ಹೊರಗೆ ಹೋದ್ರೆ ನೋಡಿದೋರು ಹಸಿ ಅಂದ್ಕೊಳ್ಳಲ್ವಾ?"

"ಹಸಿ ಅಂದ್ಕೊಳ್ಲಿ ಅಂತಾನೇ ಅಲ್ವೇನೇ ಮಾಡ್ತಿರೋದು!"

ಕೊನೆಗೆ ತೆಗೆದಳು. ಅವಳ ಲೆಕ್ಕದಲ್ಲಿ ಅದು ಹಸಿಯೇ. ಇನ್ನೊಂದು ಉಸಿರು ಬಿಡುವಷ್ಟು ಹೊತ್ತು ಇರಬೇಕಿತ್ತು ಎಂಬ ಕೊರಗು ಅವಳಿಗೆ ಮಧ್ಯಾಹ್ನದವರೆಗೂ ಇತ್ತು.

ಸಂಜೆ ನೆಲಮಾಳಿಗೆಯಲ್ಲಿ ಮೊದಲು ಎದ್ದವನು ಪೇಂಟರ್. ಅರ್ಧ ಬರೀ ಮರ, ಅರ್ಧ ಮಂಕು ಬಿಳಿ ಬಳಿದ ಹಲಗೆ ಇಟ್ಟ. ಬಣ್ಣದ ಕೆಳಗಿನ ಬಣ್ಣ ಎಂದು ಎಲ್ಲರೂ ಕೂಗಿದರು; 'ಅಂಡರ್‌ಕೋಟ್' ಸುಖವಾಗಿ ಬಂದು ತಲುಪಿತು. ಆಮೇಲೆ ವಕೀಲರ ಗುಮಾಸ್ತರು. ಅವರು ಒಂದು ಅರ್ಜಿ ಹಿಡಿದು, ಪ್ಯಾಂಟು ಮೇಲಕ್ಕೆಳೆದುಕೊಂಡು, ಮೇಜಿನ ಅಡಿಗೆ ನುಸುಳಿ ಅಲ್ಲಿಂದಲೇ ಸಹಿ ಹಾಕಿದರು.

"ಮೇಜು ರಿಪೇರಿ?" ಎಂದ ಪೇಂಟರ್.

"ಏನಾದ್ರೂ ಬಿತ್ತಾ ಗುಮಾಸ್ತ್ರೇ?"

"ಸೊಂಟ ಹಿಡ್ಕೊಂಡಿರ್ಬೇಕು."

"ಅಂಡರ್‌ಸೈನ್ಡ್ ರೀ! ಕೆಳಗೆ ಸಹಿ ಮಾಡಿದವನು! ದಿನಾ ಬರಿಯೋ ಪದ!" ಎಂದಿತು ಮೇಜಿನ ಅಡಿಯಿಂದ ನೊಂದ ದನಿ.

"ಪದವು ಅನಿರ್ದಿಷ್ಟ ಕಾಲ ತಡವಾಗಿ ಬರಲಿದೆ," ಎಂದರು ಮೇಡಂ. "ಕಾಗದದ ಕೆಳಗಡೆ ಅಂತ ಅರ್ಥ ಗುಮಾಸ್ತ್ರೇ, ಮೇಜಿನ ಕೆಳಗಡೆ ಅಲ್ಲ."

ಬೇಕರಿ ಯಜಮಾನರು ಎದ್ದರು. ಪತ್ರಿಕೆಯ ಹಾಳೆ ಬಿಚ್ಚಿ ಬ್ರೆಡ್ಡನ್ನು ಮೇಜಿನ ನಡುವೆ ಇಟ್ಟು, ಕೆಟ್ಟ ಸುದ್ದಿ ಹೇಳುವವರ ಹಾಗೆ ಗಂಟಲು ಸರಿಮಾಡಿಕೊಂಡು, ಚಾಕುವಿನಿಂದ ಕುಯ್ದರು. ಬ್ರೆಡ್ಡು ಎರಡು ಹೋಳಾಯಿತು. ಒಳಗೆ ಹತ್ತಿಯಂಥ ಬಿಳುಪು, ಕೋಣೆಯೆಲ್ಲ ಘಮ್ಮೆಂದಿತು.

"ಮೆತ್ತಗೆ?" ಎಂದ ಪೇಂಟರ್.

"ತಾಜಾ?" ಎಂದರು ಗುಮಾಸ್ತರು, ಒಂದು ತುಂಡು ಬಾಯಿಗೆ ಹಾಕಿಕೊಂಡು. "ಹಸಿವು?"

ಯಜಮಾನರು ಕನ್ನಡಕ ತೆಗೆದರು. ಹೋಳನ್ನು ಮಗುಚಿ ಅಡಿಯನ್ನು ನೋಡಿದರು. ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ತಂದು, ಮತ್ತೆ ತಟ್ಟಿದರು. ಖಾಲಿ ಡಬ್ಬಿ.

"ಇದು ನನ್ನ ಮಗ ಮಾಡಿದ್ದಲ್ಲ," ಎಂದರು.

ಸೊಸೆ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅವನಿಗೆ ಹಸಿ ಮಾಡು ಅಂದ್ರೆ ಹಸಿನೇ ಮಾಡ್ತಿದ್ದ. ಹೇಳದಿದ್ರೂ ಅದನ್ನೇ ಮಾಡ್ತಿದ್ದ, ಆ ಮಾತು ಬೇರೆ. ಇದನ್ನ ಇಳಿಸಿದೋರಿಗೆ ಹಸಿ ಇಳಿಸೋಕೆ ಕೈ ಬಂದಿಲ್ಲ. ಒಳಗಿಟ್ಟು, ತೆಗೆದು, ಒಳಗಿಟ್ಟು ಒದ್ದಾಡಿದಾರೆ. ಅಡೀಲಿ ಹಲಗೆ ಮೂರ್ನಾಲ್ಕು ಸಲ ಉಜ್ಜಿದ ಗೆರೆ ಇದೆ ನೋಡಿ. ನಾನೇ ನಿಂತಿದ್ರೂ ಹೀಗೇ ಆಗ್ತಿತ್ತು." ಅವರು ಸೊಸೆಯ ಕಡೆ ತಿರುಗಿದರು. "ವಾರವೆಲ್ಲ ಯಾರಮ್ಮ ಭಟ್ಟಿ ಮುಂದೆ ನಿಂತಿದ್ದು?"

ಬೀದಿಯ ಮಟ್ಟದ ಕಿಟಕಿಯಲ್ಲಿ ಯಾರದೋ ಬೂಟು ನಿಂತು, ಲೇಸು ಕಟ್ಟಿಕೊಂಡು ಮುಂದೆ ಹೋಯಿತು.

"ಮೇಡಂ, ಈಗ ನನ್ನ ಸರದಿ ಅಲ್ವಾ?" ಎಂದಳು ಸೊಸೆ.

"ಹೌದು."

ಅವಳ ಚೀಲದಲ್ಲಿ ಒಂದು ಚಿಕ್ಕ ಡಬ್ಬಿಯೂ ಅದರಲ್ಲಿ ಹಿಡಿಸಲಾಗದಷ್ಟು ಸಕ್ಕರೆಯೂ ಇತ್ತು. ಡಬ್ಬಿ ಸಾಕೆಂದು ಎಣಿಸಿ ಸುರಿಯುವುದು, ಸಕ್ಕರೆ ಚೆಲ್ಲಿಹೋಗುವುದು ಅವಳ ಉಪಾಯ. ಅವಳು ಚೀಲ ತೆರೆಯಲಿಲ್ಲ. ಎದ್ದು, ಮಾವನ ಕೈಲಿದ್ದ ಹೋಳನ್ನು ತೆಗೆದು, ಮಾವನ ಮುಂದೆಯೇ ಇಟ್ಟು, ಕೂತುಕೊಂಡಳು.

ಕೊನೆಗೆ ಗುಮಾಸ್ತರು, ಒಂದು ಪದ ಕಳೆದುಕೊಂಡ ಸಂಕಟದಲ್ಲಿದ್ದವರು, ಕೈ ಎತ್ತಿದರು. "ಇರೋದಕ್ಕಿಂತ ಕಮ್ಮಿ ಅಂತ ಅಂದಾಜು ಮಾಡಿದ್ದು?"

ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. "ಪದವು ಪ್ಲಾಟ್‌ಫಾರಂಗೆ ಬಂದಿರುತ್ತದೆ."

"ಯಾವ ಪದ?" ಎಂದರು ಯಜಮಾನರು.

"ಅಂಡರ್‌ಎಸ್ಟಿಮೇಟ್. ಅರ್ಥ ಬಿಡಿಸಿ ಹೇಳ್ಲಾ?"

"ಬೇಡ ಮೇಡಂ. ವಾರವೆಲ್ಲ ತಿಂದಿದೀನಿ."

ಮನೆಗೆ ಹೋಗುವ ದಾರಿಯಲ್ಲಿ ಮಾವ ಆ ಹೋಳನ್ನು ಇನ್ನೊಮ್ಮೆ ಮಗುಚಿ ನೋಡಿದರು. ಆಮೇಲೆ, "ಅಡಿ ಒಂದು ಚೂರು ಜಾಸ್ತಿ ಕೆಂಪಾಗಿದೆ," ಎಂದರು.

"ಹಸಿ ಬೇಕು ಅಂದೋರು ನೀವು ಮಾವ."

"ಅದೂ ಸರಿ." ಇನ್ನೊಂದಿಷ್ಟು ನಡೆದರು. "ಆ ಡ್ರೈವರಿಗೆ ಬೇಡ ಅಂತ ಫೋನ್ ಮಾಡ್ಬೇಕು. ನಾಳೆಯಿಂದ ಕೌಂಟರಲ್ಲಿ ನಾನು ಕೂತ್ಕೋತೀನಿ, ನಿನ್ನ ಕೈಕೆಳಗೆ. ಆದ್ರೆ ಕಿಂಡಿ ಮಾತ್ರ ಮುಚ್ಚಬೇಡ."

"ಮುಚ್ಚಲ್ಲ ಮಾವ. ಅಲ್ಲಿಂದ ಎಲ್ಲಾ ಚೆನ್ನಾಗಿ ಕೇಳ್ಸುತ್ತೆ."

ಮನೆಯಲ್ಲಿ ಸುದ್ದಿ ಕೇಳಿದ ಮಗ ಮೊದಲು ವ್ಯಾನಿನ ಬೀಗದ ಕೈಯನ್ನು ಗೋಡೆಯ ಮೊಳೆಯಿಂದ ತೆಗೆದು ಜೇಬಿಗಿಳಿಸಿದ. ಆಮೇಲಷ್ಟೇ ಉಸಿರು ಬಿಟ್ಟ.

"ಖುಷಿ ಪಡ್ಬೇಡ, ನಿನಗೊಂದು ಕೆಲಸ ಬಾಕಿ ಇದೆ," ಎಂದರು ಅಪ್ಪ. "ನನ್ನ ಪದ ಇನ್ನೂ ಬಂದಿಲ್ಲ. ಮುಂದಿನ ವಾರ ಮತ್ತೆ ತರ್ಬೇಕಂತೆ. ಒಂದೇ ಒಂದು ಬ್ರೆಡ್ಡು, ನೀನೇ ನಿಂತು, ನಿನ್ನ ಕೈಯಾರೆ ಮಾಡು. ಹಸಿ ಇರ್ಲಿ ಅಂತ ಏನೂ ಪ್ರಯತ್ನ ಪಡ್ಬೇಡ. ಚೆನ್ನಾಗಿ ಬೇಯಿಸೋಕೆ ನೋಡು, ಸಾಕು."

ಮುಂದಿನ ವಾರ ಆ ಪದ ಸರಿಯಾದ ಸಮಯಕ್ಕೆ ಬಂತು.