ಸಿಹಿಗುಂಬಳದ ಹೋಳು

ಫುಕಿ ಗಂಜಿಯ ಬಟ್ಟಲನ್ನು ಮತ್ತೆ ಪಕ್ಕಕ್ಕೆ ಸರಿಸಿದರು. ಸಿಟ್ಟಿನಿಂದಲ್ಲ; ಓದಿ ಮುಗಿದ ಪತ್ರಿಕೆಯನ್ನು ಸರಿಸಿದ ಹಾಗೆ.

“ಒಂದು ಗುಟುಕಾದ್ರೂ ಕುಡೀರಿ ಅತ್ತೆ,” ಎಂದಳು ಸುಮಿಯೆ.

“ಸತ್ತವನಿಗೆ ಅನ್ನ, ಬದುಕಿರೋಳಿಗೆ ಗಂಜಿ. ಚೆನ್ನಾಗಿದೆ ಕಣೇ ನಿನ್ನ ನ್ಯಾಯ.”

ಮೂಲೆಯ ಬುದ್ಧಮಂಟಪದಲ್ಲಿ, ಇಸಾಮುವಿನ ಚಿತ್ರದ ಮುಂದೆ, ಪುಟ್ಟ ಹಿತ್ತಾಳೆ ಬಟ್ಟಲಿನ ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ಫುಕಿಗೆ ಮಗ, ಸುಮಿಯೆಗೆ ಗಂಡ. ಬೇಸಿಗೆ ಮುಗಿಯುವ ಹೊತ್ತಿಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅಂದಿನಿಂದ ಮುದುಕಿಯ ಹೊಟ್ಟೆಗೆ ಇಳಿದದ್ದು ಬರೀ ಚಹಾ, ಬಲವಂತಕ್ಕೆ ನಾಲ್ಕು ಚಮಚ ಗಂಜಿ, ಆಗೊಮ್ಮೆ ಈಗೊಮ್ಮೆ ಉಪ್ಪಿನಲ್ಲಿ ಹಾಕಿದ ಪ್ಲಮ್ ಹಣ್ಣಿನ ಚೂರು. ಮಣಿಕಟ್ಟಿಗೆ ಸರಿಯಾಗಿ ಕೂರುತ್ತಿದ್ದ ಗಡಿಯಾರದ ಪಟ್ಟಿ ಈಗ ಮೊಣಕೈಯವರೆಗೆ ಜಾರುತ್ತಿತ್ತು.

ಸೆಂದಾಯಿ ನಗರದಲ್ಲಿರುವ ಫುಕಿಯ ಮಗಳು ಮಸಾಯೊ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: ಶನಿವಾರ ಬರುತ್ತೇನೆ, ಅಮ್ಮ ಅಷ್ಟರೊಳಗೆ ಊಟ ಮಾಡದಿದ್ದರೆ ಕರೆದುಕೊಂಡು ಹೋಗುತ್ತೇನೆ, ನಮ್ಮ ಮನೆ ಹತ್ತಿರದ ವೃದ್ಧರ ಆಶ್ರಮದಲ್ಲಿ ಕೋಣೆ ಗೊತ್ತು ಮಾಡಿದ್ದೇನೆ.

ಅತ್ತೆ ಹೋದರೆ ಈ ಮನೆಯಲ್ಲಿ ಸುಮಿಯೆ ಒಬ್ಬಳೇ. ಹೋಗಲಿ ಎನ್ನಿಸುತ್ತದೆಯೇ, ಇರಲಿ ಎನ್ನಿಸುತ್ತದೆಯೇ ಎಂದು ಅವಳು ತನ್ನನ್ನು ತಾನು ಕೇಳಿಕೊಂಡು ನೋಡಿದಳು. ಒಳಗಿನಿಂದ ಯಾರೂ ಉತ್ತರ ಕೊಡಲಿಲ್ಲ. ಚಳಿಗಾಲದ ನೀರಿನಲ್ಲಿ ಮೂಲಂಗಿ ತೊಳೆದ ಮೇಲೆ ಬೆರಳುಗಳು ಇರುತ್ತವಲ್ಲ, ಇವೆ, ಆದರೆ ತನ್ನವಲ್ಲ, ಹಾಗಿತ್ತು ಮನಸ್ಸು. ಅವಳು ಇನ್ನೂ ಅತ್ತಿರಲಿಲ್ಲ. ಅಳುವುದನ್ನು ಯಾವುದೋ ಕಪಾಟಿನಲ್ಲಿಟ್ಟು ಮರೆತ ಹಾಗೆ.

ಕೈಗಳು ಮಾತ್ರ ಅಡುಗೆ ಮರೆತಿರಲಿಲ್ಲ. ಸಕ್ಕರೆ ಬೆರೆಸಿದ ಮೊಟ್ಟೆಯನ್ನು ಪದರ ಪದರವಾಗಿ ಸುತ್ತಿ ಸುರುಳಿ ಮಾಡಿಟ್ಟರೆ ಫುಕಿ ಅದನ್ನು ತಿರುಗಿಸಿ ನೋಡಿ, “ಎಷ್ಟು ನೀಟಾಗಿ ಸುತ್ತಿದೀಯ,” ಎಂದು ಹೊಗಳಿ, ಮುಟ್ಟದೆ ಎದ್ದರು. ಹೊಸ ಅಕ್ಕಿಗೆ ಚೆಸ್ಟ್‌ನಟ್ ಹಾಕಿ ಅನ್ನ ಮಾಡಿದಳು. ವಾಸನೆ ತೆಗೆದುಕೊಂಡರು, ಅಷ್ಟೇ. ಹುದುಗಿಸಿದ ಸೋಯಾದ ಮಿಸೊ ಸಾರು ಆರಿ ತಳದಲ್ಲಿ ಗಷ್ಟು ಕೂತಿತು. ರುಚಿ ನೋಡಲು ಸುಮಿಯೆಯೂ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದಳು. ಉಪ್ಪು ಉಪ್ಪಾಗಿರುತ್ತಿತ್ತು, ಸಿಹಿ ಸಿಹಿಯಾಗಿರುತ್ತಿತ್ತು. ಅದಕ್ಕಿಂತ ಹೆಚ್ಚು ಏನೂ ಇರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನಕ್ಕೆ ಮುಂಚೆಯೇ ಮಸಾಯೊ ಬಂದಳು. ಚಪ್ಪಲಿ ಬಿಟ್ಟವಳೇ ಮಂಟಪದ ಮುಂದೆ ಗಂಟೆ ಬಾರಿಸಿ, ಕೈಮುಗಿದು, ಕಣ್ಣೊರೆಸಿಕೊಂಡು, ಸಿಹಿಯ ಪೆಟ್ಟಿಗೆಯನ್ನು ಅಣ್ಣನ ಚಿತ್ರದ ಮುಂದಿಟ್ಟಳು. ಅನ್ನದ ಉಂಡೆಗೆ ಕೆಂಪುಕಾಳಿನ ಹೂರಣ ಮೆತ್ತಿದ ಒಹಾಗಿ.

“ಅಂಗಡೀದಾ?” ಎಂದರು ಫುಕಿ.

“ದೊಡ್ಡ ಅಂಗಡೀದಮ್ಮ. ಸಾಲಲ್ಲಿ ನಿಂತು ತಂದೆ.”

“ಮನೇಲಿ ಮಾಡೋ ಒಹಾಗಿಗೂ ಸಾಲಲ್ಲಿ ನಿಲ್ತಾರಾ! ಇವನಿಗೆ ಗೊತ್ತಾದ್ರೆ ಇನ್ನೊಂದ್ಸಲ ಸಾಯ್ತಾನೆ.”

“ಅಮ್ಮಾ! ಅತ್ತಿಗೆ, ಕೇಳಿದ್ರಾ? ಬಾಯಿ ಮಾತ್ರ ಇಷ್ಟೂ ಸೊರಗಿಲ್ಲ ನೋಡಿ.”

ಮೂವರೂ ಊಟಕ್ಕೆ ಕೂತರು. ಅನ್ನ, ಸಾರು, ಸುಟ್ಟ ಮೀನು, ಸೋಯಾ ಸಾಸು ಮತ್ತು ಸಕ್ಕರೆಯಲ್ಲಿ ಹದವಾಗಿ ಬೇಯಿಸಿದ ಸಿಹಿಗುಂಬಳ. ಮಸಾಯೊ ತಿನ್ನುತ್ತಲೇ ಆಶ್ರಮದ ವರ್ಣನೆಗೆ ತೊಡಗಿದಳು. ಕೋಣೆ ಬಿಸಿಲಿಗಿದೆ. ಹಾಡು ಹೇಳಿಸುತ್ತಾರೆ. ಮೆತ್ತಗೆ ಅರೆದ ಊಟ ಕೊಡುತ್ತಾರೆ.

“ಅರೆದು ಯಾಕೆ? ಹಲ್ಲಿದೆ ನಂಗೆ.”

“ಹಲ್ಲಿದ್ರೆ ಅಗೀಬೇಕಲ್ಲಮ್ಮಾ. ಅಗಿ ನೋಡೋಣ. ಒಂದು ಹೋಳು.”

ಫುಕಿ ಊಟದ ಕಡ್ಡಿಗಳನ್ನು ಎತ್ತಿಕೊಂಡರು. ಕುಂಬಳದ ಹೋಳು ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿ ಸಾರಿನ ಬಟ್ಟಲ ಪಕ್ಕ ಬಿತ್ತು. ಮಸಾಯೊ ಅತ್ತಿಗೆಯ ಕಡೆ ನೋಡಿದಳು. ನೋಡಿದಿರಲ್ಲ ಎನ್ನುವ ನೋಟ. ಸುಮಿಯೆ ಏನನ್ನೂ ಯೋಚಿಸಲಿಲ್ಲ. ತನ್ನ ಬಟ್ಟಲಿನಿಂದ ಒಂದು ಹೋಳನ್ನು ಕಡ್ಡಿಯಲ್ಲಿ ಎತ್ತಿ, ಅತ್ತೆಯ ಬಟ್ಟಲಿಗೆ ಹಾಕಲೆಂದು ಕೈ ಚಾಚಿದಳು. ಅದು ಬಟ್ಟಲು ಮುಟ್ಟುವ ಮೊದಲೇ ಫುಕಿಯ ಕಡ್ಡಿಗಳು ಮೇಲೆದ್ದು ಹೋಳನ್ನು ಇನ್ನೊಂದು ಬದಿಯಿಂದ ಹಿಡಿದವು.

“ಅಯ್ಯೋ! ಬಿಡಿ! ಬಿಡಿ ಅಂದ್ರೆ!” ಎಂದು ಮಸಾಯೊ ಕಿರುಚಿದಳು.

ಕಡ್ಡಿಯಿಂದ ಕಡ್ಡಿಗೆ ಊಟದ ಮನೆಯಲ್ಲಿ ಏನನ್ನೂ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಮಕ್ಕಳು ಹಾಗೆ ಮಾಡಿದರೆ ಕೈ ಮೇಲೆ ಏಟು ಬೀಳುತ್ತದೆ. ಹಾಗೆ ಕೊಡುವುದು ಒಂದೇ ಒಂದು ಕಡೆ: ಚಿತಾಗಾರದಲ್ಲಿ, ಬೂದಿಯಿಂದ ಆರಿಸಿದ ಎಲುಬನ್ನು. ಸುಮಿಯೆ ಮತ್ತು ಮಸಾಯೊ ಹಾಗೆಯೇ ಎದುರುಬದುರು ನಿಂತು, ಕಾಲಿನಿಂದ ತೊಡಗಿ ಒಂದೊಂದಾಗಿ, ಇವಳ ಕಡ್ಡಿಯಿಂದ ಅವಳ ಕಡ್ಡಿಗೆ ದಾಟಿಸಿ ಇಸಾಮುವನ್ನು ಭರಣಿಗೆ ತುಂಬಿದ್ದರು. ಫುಕಿ ಅಲ್ಲಿರಲಿಲ್ಲ. ಹೆತ್ತವರು ಸತ್ತ ಮಕ್ಕಳ ಜೊತೆ ಚಿತಾಗಾರಕ್ಕೆ ಹೋಗಬಾರದೆಂಬುದು ಹಿಂದಿನಿಂದ ಬಂದ ಕಟ್ಟಳೆ. ಮನೆ ಬಾಗಿಲಲ್ಲೇ ಅವರನ್ನು ನಿಲ್ಲಿಸಿದವಳು ಮಸಾಯೊ. ಹೌದು ಅತ್ತೆ, ನೀವು ಬೇಡ ಎಂದು ದನಿಗೂಡಿಸಿದವಳು ಸುಮಿಯೆ.

ಸುಮಿಯೆ ಬಿಡಲು ಹೋದಳು. ಮುದುಕಿ ಬಿಡಲಿಲ್ಲ.

“ಭಾರ ಇತ್ತಾ?” ಎಂದರು ಫುಕಿ.

“ಏನು ಅತ್ತೆ?”

“ಅವನು.”

ಮಸಾಯೊ ಬಾಯಿಗೆ ಕೈ ಅಡ್ಡ ಹಿಡಿದಳು. ಸುಮಿಯೆ ತನ್ನ ಕಡ್ಡಿಗಳನ್ನೇ ನೋಡಿದಳು. “ಇಲ್ಲ. ಇದಕ್ಕಿಂತ ಹಗುರ,” ಎಂದಳು.

“ಬಿಸಿ ಇತ್ತಾ?”

“ಸ್ವಲ್ಪ ಇತ್ತು.”

ಫುಕಿ ತಲೆಯಾಡಿಸಿದರು. “ಈಗ ಬಿಡು.”

ಸುಮಿಯೆ ಬಿಟ್ಟಳು. ಮುದುಕಿ ಹೋಳನ್ನು ಜಾರಿಸದೆ, ಅವಸರಿಸದೆ, ಖಾಲಿ ಚಹಾ ಬಟ್ಟಲಿಗೆ ಇಳಿಸಿ ಅದರ ಮೇಲೆ ಅಂಗೈ ಮುಚ್ಚಿದರು. ಗೋಡೆಯಾಚೆ ಯಾರದೋ ಸೈಕಲ್ ಗಂಟೆ ಬಡಿಯುತ್ತ ಹೋಯಿತು.

“ಇದನ್ನ ತಿನ್ನಲ್ಲ ನಾನು,” ಎಂದರು ಕೊನೆಗೆ. “ಬೇರೆ ಹಾಕು.”

ಸುಮಿಯೆ ಚಮಚದಿಂದ ಬೇರೆ ಹೋಳು ಬಡಿಸಿದಳು. ಫುಕಿ ಕಡ್ಡಿ ಕೆಳಗಿಟ್ಟು ಅದನ್ನು ಕೈಯಿಂದಲೇ ಎತ್ತಿ ಬಾಯಿಗಿಟ್ಟುಕೊಂಡು ಅಗಿದರು. ಬಹಳ ಹೊತ್ತು ಅಗಿದರು. ಕಣ್ಣು ತುಂಬಿ ಗಲ್ಲದ ಸುಕ್ಕುಗಳಲ್ಲಿ ಹರಿಯಿತು. ಒರೆಸಿಕೊಳ್ಳಲಿಲ್ಲ, ಅಗಿಯುವುದನ್ನು ನಿಲ್ಲಿಸಲೂ ಇಲ್ಲ.

“ಸಕ್ಕರೆ ಜಾಸ್ತಿ,” ಎಂದರು. “ಅನ್ನ ಹಾಕು. ಗಂಜಿ ತಂದ್ರೆ ಎಸೀತೀನಿ.”

ಮಸಾಯೊಳ ಮೂಗು ಕೆಂಪಾಗಿತ್ತು. “ಅವತ್ತು ಕರ್ಕೊಂಡು ಹೋಗ್ಬೇಕಿತ್ತು ಅಮ್ಮಾ ನಿನ್ನ. ನಂಗೆ ತೋಚಲಿಲ್ಲ,” ಎಂದಳು. ಫುಕಿ ಅವಳ ಬಟ್ಟಲಿಗೆ ಮೀನಿನ ತುಂಡೊಂದನ್ನು ತಳ್ಳಿ, “ಮುಳ್ಳಿದೆ, ನೋಡ್ಕೊಂಡು ತಿನ್ನು,” ಎಂದರು.

ಅನ್ನ ತರಲು ಹೋದ ಸುಮಿಯೆಯ ಹಿಂದೆಯೇ ಮಸಾಯೊ ಅಡುಗೆಮನೆಗೆ ಬಂದು ದನಿ ತಗ್ಗಿಸಿದಳು. “ಅಮ್ಮ ಉಣ್ತಾ ಇದಾಳೆ, ನಿಜ. ಆದ್ರೂ ಹೇಳಿ ಅತ್ತಿಗೆ. ಅವಳ ಭಾರ ನಿಮ್ಮೊಬ್ಬರ ಮೇಲೆ ಬಿಡೋಕೆ ನಂಗೆ ಮನಸ್ಸಿಲ್ಲ. ನಿಮಗೆ ಏನನ್ಸುತ್ತೆ?”

ಸುಮಿಯೆ ಮತ್ತೆ ಒಳಗೆ ಕೇಳಿಕೊಂಡಳು. ಈಗಲೂ ಅಲ್ಲಿ ಸದ್ದಿಲ್ಲ. ಅನ್ನಿಸುವುದು ಯಾವತ್ತೋ ಬರಬಹುದು, ಬರದೆಯೂ ಇರಬಹುದು. ಒಳಕೋಣೆಯಿಂದ, ಅನ್ನ ತರೋಕೆ ಎಷ್ಟು ಹೊತ್ತು ಎಂದು ಅತ್ತೆಯ ಕೂಗು ಕೇಳಿಸಿತು.

“ಇಲ್ಲೇ ಇರ್ಲಿ,” ಎಂದಳು ಸುಮಿಯೆ, ಬಟ್ಟಲಿಗೆ ಅನ್ನ ತುಂಬುತ್ತ.