ಕೊಳೆಯದೆ ಉಳಿದ ರವದಿ

ಮಮದಾಪುರದ ಮಾಲಿಂಗಪ್ಪನ ಕಬ್ಬು ಈ ವರ್ಷವೂ ಸೊಂಟ ದಾಟಲಿಲ್ಲ. ಮಳೆ ನೀರು ಇಂಗುವುದಿಲ್ಲ, ಬಿಸಿಲಿಗೆ ನೆಲ ಹೆಂಚಾಗುತ್ತದೆ. ಇರುವುದು ಇದೊಂದೇ ಹೊಲ. ಇದೂ ಕೈಬಿಟ್ಟರೆ ಕೂಲಿಯೇ ಗತಿ ಎಂದು ಹೆಂಡತಿ ಕೆಂಪವ್ವನಿಗೆ ಹೆದರಿಕೆ ಹತ್ತಿತ್ತು.

ಮಾಲಿಂಗಪ್ಪನದು ಕುರಿ ಸಾಕಿದ ಮನೆತನ. ಹೊಲದಲ್ಲಿ ಹಿಂಡು ನಿಲ್ಲಿಸಿದಷ್ಟೂ ಹಿಕ್ಕಿ ಗೊಬ್ಬರ, ಹಿಕ್ಕಿ ಬಿದ್ದಷ್ಟೂ ಬೆಳೆ. ಕುರಿ ಮಾರಿದ ಮೇಲೆ ಅದೇ ಲೆಕ್ಕವನ್ನು ಯೂರಿಯಾಕ್ಕೂ ಹಚ್ಚಿದ. ರವದಿ, ಅಂದರೆ ಕಬ್ಬಿನ ಒಣ ಸೋಗೆ, ಕೊಳೆಯಲು ಸ್ವಲ್ಪ ಯೂರಿಯಾ ಸಾಕು ಎಂದರೆ ಇವನು ಚೀಲಗಟ್ಟಲೆ ಸುರಿದ. ಬುದ್ಧಿ ಹೇಳಿದರೆ ಕೇಳುವ ಕಿವಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಕೆಂಪವ್ವನಿಗೂ.

ಕೆಂಪವ್ವನ ತಂಗಿಯ ಮಗಳು ನಾಗರತ್ನಾ ಮೂಡಲಗಿಯಲ್ಲಿ ಮಣ್ಣು ಪರೀಕ್ಷೆ ಮಾಡುವವಳು. ಹೊಲಕ್ಕೆ ಬಂದವಳೇ ರವದಿ ಎತ್ತಿ ನೋಡಿದಳು.

“ದೊಡ್ಡಪ್ಪಾ, ಮೆತ್ತನ್ನ ಎಲಿ ಅಷ್ಟ ಕೊಳತೈತ್ರಿ. ಬಿರುಸು ಕಡ್ಡಿ ಹಂಗ ಉಳದೈತಿ.”

“ಇನ್ನೊಂದ್ ಚೀಲ ಹಾಕಿದ್ರ ಅದೂ ಕೊಳೀತೈತಿ ಬಿಡವ್ವ.”

“ಇಲ್ರಿ. ಬಿರುಸು ಕಡ್ಡಿ ತಿನ್ನೋದು ಬಿಳಿ ಬೂಷ್ಟು. ಯೂರಿಯಾದಾಗಿನ ಸಾರಜನಕ ಅತಿಯಾದ್ರ ಅದು ಸೊರಗತೈತಿ. ಉಳದ ಕಡ್ಡಿ ಏನ್ ಮಾಡತೀರಿ?”

“ಕಾಲಾಗ ಬರತಾವಂತ ಬೆಂಕಿ ಹಚ್ಚತೇವಿ,” ಎಂದಳು ಕೆಂಪವ್ವ.

“ಮಣ್ಣಿಗೆ ಸೇರಬೇಕಾದ ಇಂಗಾಲ ಹೊಗಿಯಾಗಿ ಹೋತು ದೊಡ್ಡವ್ವಾ. ಅದಕ್ಕ ನೆಲ ನೀರು ಹಿಡಿಯಂಗಿಲ್ಲ. ಹಿಕ್ಕ್ಯಾಗ ಕುರಿ ಮೇದ ಹುಲ್ಲಿನ ಸತ್ವಾನೂ ಇತ್ತು. ಯೂರಿಯಾದಾಗ ಏನೈತ್ರಿ?”

“ಹೊಲಾ ಸತ್ತೈತೇನವ್ವ?” ಎಂದು ಕೇಳಿದ ಮಾಲಿಂಗಪ್ಪ.

“ಸತ್ತಿಲ್ಲ. ಆದ್ರ ಈ ಬೆಳಿ ಬರಂಗಿಲ್ಲ. ಕಸುವು ತಿರುಗಿ ಬರಾಕ ವರ್ಷಗಟ್ಟಲೆ ಬೇಕು.”

ಕೆಂಪವ್ವ ಬದುವಿನ ಮೇಲೆ ಕುಸಿದು ಅತ್ತಳು. ಮಾಲಿಂಗಪ್ಪ ಹೊತ್ತು ತಂದಿದ್ದ ಯೂರಿಯಾ ಚೀಲವನ್ನು ಬಿಚ್ಚಲಿಲ್ಲ.

“ಈಗ ಏನ್ ಮಾಡೂನವ್ವ?”

“ರವದಿ ಸುಡಬ್ಯಾಡ್ರಿ. ಕತ್ತರಿಸಿ ಸಾಲಿನ್ಯಾಗ ಹರವ್ರಿ, ಸಗಣಿ ನೀರು ಹಾಕ್ರಿ, ಹಸಿ ಆರಲಾರದಂಗ ನೋಡಕೋರಿ. ಯೂರಿಯಾ ಮಣ್ಣು ಪರೀಕ್ಷೆ ಹೇಳಿದಷ್ಟ.”

ಗಂಡ ಹೆಂಡತಿ ಹಾಗೇ ಮಾಡಿದರು. ಆದರೆ ಹೊಲ ಕಾಯುವಷ್ಟು ಹೊಟ್ಟೆ ಕಾಯುವುದಿಲ್ಲ. ಸುಗ್ಗಿಯಲ್ಲಿ ಕೆಂಪವ್ವ ಅದೇ ಊರಿನ ಹೊಳೆಪ್ಪನ ಹೊಲಕ್ಕೆ ಕಬ್ಬು ಕಡಿಯುವ ಕೂಲಿಗೆ ಹೋದಳು. ಕಡಿದು ಮುಗಿದ ಮೇಲೆ ಹೊಳೆಪ್ಪ ರವದಿಗೆ ಬೆಂಕಿ ಕಡ್ಡಿ ಗೀರಲು ಬಂದ. ಕೆಂಪವ್ವ ಅವನ ಕೈ ಹಿಡಿದಳು.

“ಬ್ಯಾಡ್ರಿ ಅಣ್ಣಾ. ನನಗೂ ಹೊಲ ಐತ್ರಿ. ಆದ್ರೂ ನಿಮ್ಮ ಹೊಲದಾಗ ಕುಡಗೋಲು ಹಿಡದೇನಿ, ನೋಡ್ರಿ.”

ರೈತ ಬಂಧುಗಳೇ, ಅತಿಯಾದರೆ ಅಮೃತವೂ ವಿಷ. ಯೂರಿಯಾ ಸುರಿಯುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ. ರವದಿ ಸುಡಬೇಡಿರಿ, ಅದನ್ನು ನಿಮ್ಮ ಮಣ್ಣಿಗೇ ಉಣಿಸಿರಿ.