ಹೆಂಡತಿಯ ಹಿಂದೆ ನಡೆಯುತ್ತಿದ್ದ ಸೋಡಾ ಕೊಟ್ರಪ್ಪ

ಸೋಡಾ ಕೊಟ್ರಪ್ಪ ಹೆಂಡತಿಯ ಹಿಂದೆ ನಡೆಯುತ್ತಿದ್ದ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ ಅದು. ಸಂಜೆ ಬನಶಂಕರಿ ಗುಡಿಗೋ ಸಾರಕ್ಕಿ ಕಡೆಗೋ ಹೊರಟವರಲ್ಲಿ ಗಂಡ ಮುಂದೆ, ಹೆಂಡತಿ ನಾಲ್ಕು ಮಾರು ಹಿಂದೆ ಇರುವುದೇ ಲೋಕರೂಢಿ. ಕೊಟ್ರಪ್ಪ ಮಾತ್ರ ಶಿವಬಸಮ್ಮನನ್ನು ಮುಂದೆ ಬಿಟ್ಟು, ಬಲಭುಜ ವಾಲಿಸಿಕೊಂಡು, ನೆಲ ನೋಡುತ್ತ ಬರುತ್ತಿದ್ದ. ಭುಜ ವಾಲಿದ್ದು ಸೋಡಾಕ್ಕೆ ತುಂಬುವ ಗ್ಯಾಸಿನ ಸಿಲಿಂಡರ್ ಹೊತ್ತು ಹೊತ್ತು. ಸಿಲಿಂಡರ್ ಇಲ್ಲದ ದಿನವೂ ಅದು ಭುಜದ ಮೇಲೆ ಇದ್ದಂತೆಯೇ ಅವನ ನಡಿಗೆ. ಹಿಂದೆ ನಡೆಯುವುದು ಏಕೆಂದು ಮಾತ್ರ ಶಿವಬಸಮ್ಮನೊಬ್ಬಳಿಗೇ ಗೊತ್ತಿತ್ತು.

"ಏನ್ ಕೊಟ್ರಪ್ಪನೋರೆ, ಲಗಾಮು ಯಾರ್ ಕೈಲಿ?" ಎಂದು ಅಂಗಡಿಕಟ್ಟೆಯ ತಿಮ್ಮರಾಯಪ್ಪ ಕೆಣಕುತ್ತಿದ್ದ.

"ಅವಳ ಕೈಲೇ. ಅಷ್ಟೇ ನೋಡಿ."

ಎಂಥ ಮಾತಿಗೂ ಕೊನೆಗೊಂದು 'ಅಷ್ಟೇ ನೋಡಿ' ಸೇರಿಸುವುದು ಅವನ ಚಾಳಿ. ಬಾಟಲಿಯ ಬಾಯಿಗೆ ಗೋಲಿ ಕೂರಿಸಿದ ಹಾಗೆ. ಆಮೇಲೆ ಒಳಗಿನದು ಹೊರಗೆ ಬರುವಂತಿಲ್ಲ.

ಕೊಟ್ಟೂರಿನ ಕಡೆಯಿಂದ ಬಂದು ಮೂರನೇ ಬ್ಲಾಕಿನ ಅಂಚಿನಲ್ಲಿ ಸೋಡಾ ಮಿಷನ್ ಹಾಕಿಕೊಂಡವನು. ಬೇಸಿಗೆಯಲ್ಲೂ ಒಂದು ಹಳೆಯ ಖಾಕಿ ಕೋಟು ತೊಡುತ್ತಿದ್ದ. ಅದರ ಬಲತೋಳಿನ ಅಂಚು ಸುಟ್ಟು ಸೆಟೆದು ಹೋಗಿತ್ತು, ಶಿವಬಸಮ್ಮ ಅದಕ್ಕೆ ನೀಲಿ ಬಟ್ಟೆಯ ತೇಪೆ ಹಾಕಿದ್ದಳು. ಅದು ಬೆಂಕಿ ಸುಟ್ಟದ್ದಲ್ಲ, ಹಿಮ ಸುಟ್ಟದ್ದು. ಬುಧವಾರ ಬುಧವಾರ ಅವನು ಲೇಡಿ ಡಾಕ್ಟರ್ ಜಯಶೀಲಾ ಅವರ ಶಾಪಿಗೆ ಸಿಲಿಂಡರ್ ಹೊತ್ತುಕೊಂಡು ಹೋಗುತ್ತಿದ್ದ. ಅದನ್ನು ತಲೆಕೆಳಗಾಗಿ ಎತ್ತಿ ಹಿಡಿದು, ಬಾಯಿಗೆ ಚರ್ಮದ ಚೀಲ ಬಿಗಿದು, ವಾಲ್ವ್ ತಿರುವಿದರೆ ಭರ್ರೆಂದು ಬಂದ ಗ್ಯಾಸೇ ಗಟ್ಟಿಯಾಗಿ ಚೀಲದ ತುಂಬ ಹಿಮ. ಆ ಹಿಮವನ್ನು ಕೊಳವೆಯಲ್ಲಿ ಗಿಡಿದು, ಬಳಪದ ಕಡ್ಡಿಯಂತೆ ಮಾಡಿ, ಪರದೆಯ ಸಂದಿಯಿಂದ ಒಳಗೆ ಚಾಚುವುದು ಅವನ ಕೆಲಸ. ಪರದೆಯಾಚೆ ಹೆಂಗಸರು ಮಲಗಿರುತ್ತಿದ್ದರು. ಹೇಳಿಕೊಳ್ಳಲಾಗದ ಜಾಗದಲ್ಲಿ ಎದ್ದ ನರಹುಲಿಗೆ ಡಾಕ್ಟರಮ್ಮ ಆ ಕಡ್ಡಿ ಒತ್ತಿ ಹೆಪ್ಪುಗಟ್ಟಿಸುತ್ತಿದ್ದರು. ಆಮೇಲೆ ಅದು ಒಣಗಿ ಉದುರುತ್ತಿತ್ತು.

ಡಾಕ್ಟರಮ್ಮನದು ಒಂದು ಹಟ. ಬಂದ ಪ್ರತಿಯೊಬ್ಬಳಿಗೂ ಅದೇ ಮಾತು: "ಇದು ಗಂಡನಿಂದ ಬಂದಿರೋದು. ಅವನ್ನೂ ಕರ್ಕೊಂಡು ಬಾ." ಕೊಟ್ರಪ್ಪ ಮನೆಗೆ ಬಂದು, ಮೂಗು ಹಿಡಿದು, ಅವರ ದನಿಯಲ್ಲೇ ಅದನ್ನು ಹೇಳಿ ನಗಿಸುತ್ತಿದ್ದ. "ಇವತ್ತೂ ಯಾವನ್ದೋ ಮಾನ ಹರಾಜಾಯ್ತು ಕಣೆ. ಅಷ್ಟೇ ನೋಡು." ಶಿವಬಸಮ್ಮ ನಕ್ಕಿದ್ದಾಳೆ. ಹಿಟ್ಟಿನ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಾಳೆ.

ಐವತ್ತೊಂಬತ್ತನೇ ಇಸವಿಯಲ್ಲಿ ಅದು ಅವಳಿಗೇ ಬಂತು.

ಏನೋ ಪಾಪ ಮಾಡಿದ್ದೇನೆ ಎಂದೇ ಅವಳು ಮೊದಲು ತಿಳಿದಳು. ಬೆಳಿಗ್ಗೆ ಅಂಗೈಯ ಲಿಂಗಕ್ಕೆ ವಿಭೂತಿ ಹಚ್ಚಲು ಕೈ ಹಿಂಜರಿಯುತ್ತಿತ್ತು. ಮನೆಗೆ ಮೊಸರು ತರುವ ಸಾರಕ್ಕಿಯ ಸೊಣ್ಣಮ್ಮನನ್ನು, ಯಾರಿಗೋ ಎಂಬಂತೆ, ನರಹುಲಿಗೆ ಏನು ಮಾಡುವುದೆಂದು ಕೇಳಿದಳು.

"ಉಪ್ಪು ಬೆಲ್ಲ ಕೆರೆಗಾಕ್ಬುಟ್ಟು, ಹಿಂದಕ್ಕೆ ನೋಡ್ದಂಗೆ ಬಾ. ಅದು ಕರಗ್ದಂಗೆ ಇದೂ ಕರಗೋಯ್ತದೆ. ಎಲ್ಲೈತೆ, ತೋರ್ಸು."

ಶಿವಬಸಮ್ಮ ಹೆಬ್ಬೆರಳು ತೋರಿಸಿದಳು.

"ಇದು ರುಬ್ಬೋ ಗುಂಡಿನ ಜಡ್ಡಲ್ವೇನವ್ವ?"

"ಅಲ್ಲ, ನರಹುಲಿನೇ."

ಉಪ್ಪು ಬೆಲ್ಲ ಕರಗಿತು. ಅದು ಕರಗಲಿಲ್ಲ. ಬೆರಳು ತೋರಿಸಿ ಸುಳ್ಳು ಹೇಳಿದ್ದಕ್ಕೆ ಕೆರೆಯಮ್ಮ ಮುನಿದಿದ್ದಾಳೆಂದು, ಇನ್ನೊಮ್ಮೆ ಹೋಗಿ, ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಬಗ್ಗಿ, ಜಾಗದ ಹೆಸರನ್ನು ನೀರಿಗೆ ಹೇಳಿದಳು. ಹೇಳುವಾಗ ಕಿವಿಯವರೆಗೂ ಉರಿಯಿತು. ಅದಕ್ಕೂ ಹೋಗಲಿಲ್ಲ. ಬಟ್ಟೆಗೆ ರಕ್ತ ಹತ್ತತೊಡಗಿದಾಗ ವಿಧಿಯಿಲ್ಲದೆ ಒಂದು ಸೋಮವಾರ, ಕೊಟ್ರಪ್ಪ ಅಲ್ಲಿಗೆ ಹೋಗದ ದಿನವೇ ನೋಡಿ, ಡಾಕ್ಟರಮ್ಮನ ಬಳಿ ಹೋದಳು. ಹೆಸರು ಅಕ್ಕಯಮ್ಮ, ಊರು ಸಾರಕ್ಕಿ ಎಂದಳು.

"ಬುಧವಾರ ಬಾ," ಎಂದರು ಡಾಕ್ಟರಮ್ಮ. "ಸೋಡಾದೋರು ಬರ್ತಾರೆ. ಐಸ್ ಕಡ್ಡಿ ಇಡ್ತೀನಿ."

"ಬೇರೆ ದಿನ ಆಗಲ್ವಾ ಡಾಕ್ಟ್ರಮ್ಮ?"

"ಅದನ್ನ ಎತ್ತಿಡಕ್ಕಾಗಲ್ಲಮ್ಮ. ಮಾಡಿದ ಗಳಿಗೇಲೇ ಗಾಳಿಗೆ ಹೋಗುತ್ತೆ."

ಬುಧವಾರ ಅವಳು ಮೇಜಿನ ಮೇಲೆ ಮಲಗಿ, ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ನೋವಿಗೆ ಹೆದರಿಯಲ್ಲ, ದನಿ ಹೊರಡೀತೆಂದು. ಪರದೆಯಾಚೆ ಗೊತ್ತಿದ್ದ ಕೆಮ್ಮು, ಗೊತ್ತಿದ್ದ ಚಪ್ಪಲಿಯ ಸದ್ದು, ಆಮೇಲೆ ಭರ್ರೆಂದು ಗ್ಯಾಸು. ಸಂದಿಯಿಂದ ನೀಲಿ ತೇಪೆಯ ಖಾಕಿ ತೋಳು ಒಳಗೆ ಬಂತು. ಕಡ್ಡಿ ತಗುಲಿದಾಗ ತಣ್ಣಗಾಗಲಿಲ್ಲ, ಕೆಂಡವಿಟ್ಟಂತಾಯಿತು. ಅವಳು ಮಿಸುಕಲಿಲ್ಲ.

"ಇನ್ನೊಂದು ಕಡ್ಡಿ, ಕೊಟ್ರಪ್ಪ," ಎಂದು ಡಾಕ್ಟರಮ್ಮ ಇವಳತ್ತ ತಿರುಗಿದರು. "ನೋಡಮ್ಮ, ನಿನ್ನ ತಪ್ಪೇನಿಲ್ಲ. ಇದು ಗಂಡನಿಂದ ಬಂದಿರೋದು. ಅವನ್ನೂ ಕರ್ಕೊಂಡು ಬಾ. ಬರ್ತಾನಾ?"

ಅವಳು ಸೆರಗನ್ನು ಇನ್ನಷ್ಟು ಒಳಗೆ ತುರುಕಿಕೊಂಡಳು.

"ಬಾಯಿಲ್ವಾ ನಿಂಗೆ? ಬರ್ತಾನೋ ಇಲ್ವೋ?"

ಸೆರಗು ಜಾರಿತು. "ಬರಲ್ಲ," ಎಂದಳು.

ಗ್ಯಾಸಿನ ಸದ್ದು ನಿಂತಿತು. ಸಿಲಿಂಡರ್ ನೆಲಕ್ಕೆ ಇಳಿಯಿತು. 

"ಬಂದಿದೀನಿ ಡಾಕ್ಟ್ರಮ್ಮ."

"ನಿಮ್ಮನ್ನಲ್ರೀ ಕೇಳಿದ್ದು. ಈಕೆ ಗಂಡನ್ನ."

"ಹ್ಞೂಂ. ಅವನೇ."

ಆ ಮಾತಿನ ಕೊನೆಗೆ 'ಅಷ್ಟೇ ನೋಡಿ' ಇರಲಿಲ್ಲ.

ಅವಳು ಹೊರಬಂದಾಗ ಕೊಟ್ರಪ್ಪ ಸಿಲಿಂಡರ್ ಹೊತ್ತು ಹೊಂಗೆ ಮರದ ಕೆಳಗೆ ನಿಂತಿದ್ದ. ಮುಂದೆ ಹೋಗುತ್ತಾನೆಂದು ಅವಳು ಕಾದಳು. ಅವನು ಅಲುಗಲಿಲ್ಲ. ಅವಳು ದಾಟಿದ ಮೇಲೆ ಹಿಂದಿನಿಂದ ಹೆಜ್ಜೆ ಕೇಳಿಸಿತು. ಅರ್ಧ ದಾರಿಯಲ್ಲಿ, "ಬಸಮ್ಮ, ಬಾಟ್ಲಿ ತರಕ್ಕೆ ಅಂತ ಮದ್ರಾಸಿಗೆ ಹೋಗಿದ್ನಲ್ಲ ಆವಾಗ..." ಎಂದ.

"ಸಾಕು. ಬೀದೀಲಿ ಬೇಡ."

ಮನೆಯಲ್ಲೂ ಅವನು ಆ ಮಾತನ್ನು ಮತ್ತೆ ಎತ್ತಲಿಲ್ಲ. ಅವಳೂ ಕೇಳಲಿಲ್ಲ. ಅವನು ದೊಡ್ಡಾಸ್ಪತ್ರೆಗೆ ಹೋಗಿ ತನ್ನದನ್ನು ತೋರಿಸಿಕೊಂಡು ಬಂದ. ಅವಳಿಗೆ ಪೂರಾ ವಾಸಿಯಾಗುವವರೆಗೂ ಬುಧವಾರದ ಕಡ್ಡಿಗಳನ್ನು ಅವನೇ ಗಿಡಿದು ಕೊಟ್ಟ. ಪರದೆಯಾಚೆಯ ಮಾತು ಮತ್ತೆ ಮನೆಗೆ ಬರಲಿಲ್ಲ, ಮೂಗು ಹಿಡಿದ ನಗೆಯೂ ಬರಲಿಲ್ಲ. ಹಿಂದೆ ನಡೆಯುವುದೊಂದು ಉಳಿಯಿತು. ಒಂದೆರಡು ಸಲ ಅವಳು ಬೇಕೆಂದೇ ನಿಧಾನಿಸಿದಳು, ಅವನೂ ನಿಧಾನಿಸಿದ. ತಿರುಗಿ "ಏನೋ ಹೇಳಕ್ ಬಂದಿದ್ರಲ್ಲ" ಎನ್ನಬೇಕೆಂದು ಎಷ್ಟೋ ಸಂಜೆ ನಾಲಿಗೆಯ ತುದಿಗೆ ಬಂದದ್ದುಂಟು. ನಾಚಿಕೆ ಅವನದೋ ತನ್ನದೋ ತಿಳಿಯದೆ ಹಾಗೇ ಮುಂದೆ ನಡೆದಳು.

ಅರವತ್ತೇಳರ ಚಳಿಯಲ್ಲಿ, ಸೋಡಾ ಕ್ರೇಟಿನ ಮೇಲೆ ಕೂತವನು ಕೂತಂತೆಯೇ ಹೋದ. ಜನ ಅವನನ್ನು ಹೂವಿನ ವಿಮಾನದಲ್ಲಿ ಕೂರಿಸಿದರು. ಬಲಭುಜ ವಾಲಿತು. ಸರಿಮಾಡಿ ಕೂರಿಸಿದರು, ಮತ್ತೆ ವಾಲಿತು. "ಇರ್ಲಿ ಬಿಡ್ರಪ್ಪ, ಅವರು ಇರೋದೇ ಹಂಗೆ," ಎಂದ ತಿಮ್ಮರಾಯಪ್ಪ, ಕಣ್ಣೊರಸಿಕೊಳ್ಳುತ್ತ. ಅಂದು ಕೊಟ್ರಪ್ಪ ಮುಂದೆ, ಶಿವಬಸಮ್ಮ ಹಿಂದೆ. ಎಂಟು ವರ್ಷದ ಮೇಲೆ ಅವಳು ಅವನ ಬೆನ್ನು ನೋಡಿದಳು.

ಮಾಡಿದ ತಪ್ಪನ್ನು ಒಮ್ಮೆ ಒಪ್ಪಿಕೊಂಡು, ಕೇಳುವವರು ಸಿಗದೆ, ಉಳಿದದ್ದನ್ನು ಮೈಮೇಲೆ ಹೊತ್ತುಕೊಂಡೇ ತಿರುಗುವ ಗಂಡಸರಿದ್ದಾರೆ. ಅವರು ಕಾಲಿಗೆ ಬೀಳುವುದಿಲ್ಲ, ಅಳುವುದಿಲ್ಲ, ದಾರಿ ಬಿಟ್ಟು ಹಿಂದಕ್ಕೆ ಸರಿಯುತ್ತಾರೆ. ಹೆಂಗಸು ಗೆದ್ದಳೆಂದು ಬೀದಿ ನಗುತ್ತದೆ. ಮುಂದೆ ನಡೆದವಳಿಗೆ ಅವರ ಮುಖ ಮಾತ್ರ ಕಾಣುವುದಿಲ್ಲ.